ನೂರಬಿಯ ಎಡಗಿವಿ, ಬಲಗಿವಿ

ರಾಮದುರ್ಗದ ಹಳೇ ಪೇಟೆಯಲ್ಲಿ ನೂರಬಿ ಒಂದು ಕಡೆ ಕೂತಿದ್ದನ್ನು ಕಂಡವರು ಕಡಿಮೆ. ಊಟಕ್ಕೆ ಕೂತರೂ ಅರ್ಧ ರೊಟ್ಟಿ ಮುರಿಯುವಷ್ಟರಲ್ಲಿ ಎದ್ದು ಒಲೆಯ ಮೇಲಿನ ಮುಚ್ಚಳ ಸರಿಸಿ ಬರುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೆ ಅಂಚಿನಲ್ಲಷ್ಟೇ ಕೂತು, ಇಳಿಯುವ ಊರು ಇನ್ನೂ ದೂರವಿರುವಾಗಲೇ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದಳು. ಗಂಡ ಮೆಹಬೂಬಸಾಬ ಬಳೆಗಾರ. ಅವನು ತೀರಿಕೊಂಡಾಗ ಮಗ ನಾಸಿರ ಇನ್ನೂ ಸಾಲಿಗೆ ಹೋಗುವ ಚಿಕ್ಕ ಹುಡುಗ. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದದ್ದೇ ತಡ, ನೂರಬಿ ಗಂಡನ ಬಳೆಯ ಮಲಾರವನ್ನು ತಾನೇ ಹೆಗಲಿಗೇರಿಸಿ ಹೊರಬಿದ್ದಳು. ಸವದತ್ತಿಯ ಓಣಿಗಳು, ನೇಸರಗಿಯ ಸಂತೆ, ದೊಡವಾಡದ ಒಕ್ಕಲು ಮನೆಗಳು, ಕಿತ್ತೂರಿನ ಕಡೆಯ ಮದುವೆ ಚಪ್ಪರಗಳು ಎಲ್ಲವೂ ಅವಳ ಕಾಲಿಗೆ ಗೊತ್ತಿದ್ದವು. ಒಂದು ಮನೆಯಲ್ಲಿ ಬಳೆ ತೊಡಿಸುತ್ತಿರುವಾಗಲೇ ಅವಳ ಮನಸ್ಸು ಮುಂದಿನ ಮನೆಯ ಹೊಸ್ತಿಲು ದಾಟಿರುತ್ತಿತ್ತು.

ನಾಸಿರ ಬೆಳೆದು ಮದುವೆಯೂ ಆಗಿದ್ದ ಎರಡು ಸಾವಿರದ ಎರಡನೇ ಇಸವಿಯ ಹೊತ್ತಿಗೆ ಅವಳು ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಳ್ಳತೊಡಗಿದಳು. ಎದುರಿನದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಆಮೇಲೆ ಎದುರಿನದೂ ಒಂದು ಸಣ್ಣ ಕಿಂಡಿಯೊಳಗಿನಿಂದ ನೋಡಿದ ಹಾಗೆ ಕಿರಿದಾಗುತ್ತ ಹೋಯಿತು. ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಇದು ಪೊರೆಯಲ್ಲ, ತೆಗೆದರೆ ಹೋಗುವಂಥದ್ದಲ್ಲ, ಕಾಚಬಿಂದು ಎಂಬ ರೋಗ, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದು ಉಳಿಯಲೆಂದು ಹನಿ ಹಾಕಿಕೊಳ್ಳಬೇಕು ಎಂದರು. ಹನಿ ಹಾಕಿಕೊಂಡಳು. ಆದರೂ ಮರುವರ್ಷದ ಬೇಸಿಗೆಗೆ ಅವಳಿಗೆ ಉಳಿದದ್ದು ಬೆಳಕು ಎಲ್ಲಿದೆ, ನೆರಳು ಎಲ್ಲಿದೆ ಎಂಬಷ್ಟೇ.

ಮನೆಯಲ್ಲಿ ಕೂರುವುದು ಅವಳಿಗೆ ಬರಲಿಲ್ಲ. ಮುಂಬಾಗಿಲಿಂದ ಹಿತ್ತಲ ಬಾಗಿಲಿಗೆ, ಹಿತ್ತಲ ಬಾಗಿಲಿಂದ ಮುಂಬಾಗಿಲಿಗೆ ಗೋಡೆ ಸವರುತ್ತ ನಡೆದಳು. ಸೊಸೆ ತಬಸ್ಸುಮ್‍ಳನ್ನು ಗಳಿಗೆಗೊಮ್ಮೆ ಕೂಗಿದಳು. "ಯಾರ್ ಬಂದ್ರ? ಏನ್ ಬಿತ್ತು? ಹಾಲು ಉಕ್ಕಾಕತ್ತೈತೇನು?" ತಬಸ್ಸುಮ್ ಮೊದಮೊದಲು ಎದ್ದು ಬಂದು ಹೇಳುತ್ತಿದ್ದಳು, ಆಮೇಲೆ ಕೂತಲ್ಲಿಂದಲೇ ಹೇಳತೊಡಗಿದಳು, ಕಡೆಕಡೆಗೆ ಬರೀ "ಹ್ಞೂಂರಿ" ಎನ್ನುತ್ತಿದ್ದಳು.

ಒಂದು ದಿನ ಸೊಸೆ ನೀರಿಗೆ ಹೋದ ಹೊತ್ತಿನಲ್ಲಿ ನೂರಬಿ ಮಲಾರ ಹೊತ್ತು ಬಸ್ ನಿಲ್ದಾಣ ಮುಟ್ಟಿದಳು. ಯಾರನ್ನೋ ಕೇಳಿ ಸವದತ್ತಿಯ ಬಸ್ಸು ಹತ್ತಿದಳು. ಕಂಡಕ್ಟರು ಯಾವುದೋ ಹಳ್ಳಿಯ ಹೆಸರು ಕೂಗಿದ್ದನ್ನು ತಾನು ಇಳಿಯಬೇಕಾದ ಊರೆಂದುಕೊಂಡು ನಡುದಾರಿಯಲ್ಲಿ ಇಳಿದುಬಿಟ್ಟಳು. ಬಸ್ಸು ಹೋದ ಮೇಲೆ ಎತ್ತ ತಿರುಗಿದರೂ ಬಿಸಿಲೇ. ಎರಡು ಹೆಜ್ಜೆ ಇಡುವಷ್ಟರಲ್ಲಿ ಸೈಕಲ್ಲೊಂದು ಬಂದು ಮಲಾರಕ್ಕೆ ಬಡಿಯಿತು. ಸುದ್ದಿ ತಿಳಿದು ನಾಸಿರ ಗೆಳೆಯನ ಮೋಟರ್ ಸೈಕಲ್ ಮೇಲೆ ಬಂದಾಗ, ಅವಳು ರಸ್ತೆಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಡೆದ ಗಾಜನ್ನು ಕೈಯಿಂದ ಗುಡ್ಡೆ ಮಾಡುತ್ತಿದ್ದಳು. ಬೆರಳುಗಳಲ್ಲಿ ರಕ್ತ.

"ಇನ್ನ ಸಾಕ್ ಮಾಡಮ್ಮಾ," ಎಂದ ನಾಸಿರ. "ಮನ್ಯಾಗ ಕುಂದ್ರು."

"ಕುಂತು ಏನ್ ಮಾಡ್ಲಿ?"

ನಾಸಿರನದೂ ಆಗ ಅತ್ತಿತ್ತಲಾಡುವ ಕಾಲವೇ. ಬಸ್ ನಿಲ್ದಾಣದ ಹತ್ತಿರ ಅವನ ಕ್ಯಾಸೆಟ್ ಅಂಗಡಿಯಿತ್ತು. ಸಿ.ಡಿ.ಗಳು ಬಂದು ಕ್ಯಾಸೆಟ್ ಕೇಳುವವರೇ ಇಲ್ಲವಾಗಿದ್ದರು. ಬೆಳಗಾವಿಯಲ್ಲೊಬ್ಬ ಮುಚ್ಚುತ್ತಿದ್ದ ವಿಡಿಯೊ ಗೇಮಿನ ಅಂಗಡಿಯಿಂದ ಅವನು ಎರಡು ಪ್ಲೇಸ್ಟೇಷನ್ ಪೆಟ್ಟಿಗೆಗಳನ್ನು ತಂದು, ಮನೆಯ ಮುಂದಿನ ಕೋಣೆಯಲ್ಲಿ ಎರಡು ಹಳೆಯ ಟಿವಿಗಳಿಗೆ ಜೋಡಿಸಿ ಆಟದ ಅಂಗಡಿ ತೆರೆದ. ಇದು ಎರಡು ಸಾವಿರದ ನಾಲ್ಕರಲ್ಲಿ.

ಅಂಗಡಿ ಕೈ ಹಿಡಿಯಿತು. ಹತ್ತಿಯ ಜಿನ್ನಿಂಗ್ ಕಾರ್ಖಾನೆಯಲ್ಲಿ ದುಡಿಯುವ ಗಂಡಸರು ಪಾಳಿ ಮುಗಿಸಿ ಬರುತ್ತಿದ್ದರು, ಕಾಲೇಜಿನವರು ಬರುತ್ತಿದ್ದರು. ಒಂದು ಟಿವಿಯಲ್ಲಿ ಕಾರುಗಳು ಕಿರುಚುತ್ತಿದ್ದವು, ಇನ್ನೊಂದರಲ್ಲಿ ಇಬ್ಬರು ಮಲ್ಲರು ಹೊಡೆದಾಡುತ್ತಿದ್ದರು. ಆದರೆ ನೂರಬಿಗೆ ಈಗ ಮನೆಯೆಂದರೆ ಸಪ್ಪಳವೇ. ಕೊಡದ ಸಪ್ಪಳ, ಚಿಲಕದ ಸಪ್ಪಳ, ಸೊಸೆಯ ಬಳೆಯ ಸಪ್ಪಳ. ಇವುಗಳ ಮೇಲೆ ಕಾರುಗಳು ಹರಿದು ಹೋದವು. ಅವಳು ಬಾಗಿಲಿಗೆ ಬಂದು ನಿಂತು ಕಿವಿ ಮುಚ್ಚಿಕೊಂಡು ಕೂಗಿದಳು.

"ಏ ನಾಸಿರಾ, ಮೊದಲ ನನಗ ಕಣ್ಣಿಲ್ಲ. ಈಗ ಕಿವೀನೂ ಕಸಗೊಂಡಿ!"

ಮೂರನೆಯ ದಿನ ನಾಸಿರ ಗಿರಾಕಿಗಳಿಗೆಲ್ಲ ಅಗ್ಗದ ಇಯರ್‌ಫೋನುಗಳನ್ನು ತಂದುಬಿಟ್ಟ. ಟಿವಿಯ ಬಾಯಿ ಮುಚ್ಚಿತು. ಕೋಣೆಯಲ್ಲಿ ಗುಂಡಿಗಳ ಟಿಕಟಿಕ ಬಿಟ್ಟರೆ ಮತ್ತೇನಿಲ್ಲ.

ಆ ಮಧ್ಯಾಹ್ನ ನೂರಬಿ ಕೋಣೆ ಖಾಲಿಯಿದೆಯೆಂದು ತಿಳಿದು ಬೀದಿಯ ಕಟ್ಟೆಗೆ ಹೋಗಲು ಬಿರಬಿರನೆ ನಡೆದಳು. ಕಾಲಿಗೆ ವೈರು ತೊಡರಿತು. ಮುಗ್ಗರಿಸಿ ಬಿದ್ದದ್ದು ಯಾರದೋ ತೊಡೆಯ ಮೇಲೆ.

"ಯಾರದು?"

"ನಾ ಪರಪ್ಪರಿ, ಜಿನ್ನಿನಾಗ ಕೆಲಸ ಮಾಡಾಂವ. ತಡೀರಿ ಅಮ್ಮಾರ, ಕಾಲಾಗ ವಾಯರ್ ಸಿಕ್ಕೈತಿ."

"ನಾಕ್ ಮಂದಿ ಕುಂತೀರಿ, ಒಬ್ಬರರ ಕೆಮ್ಮಬಾರದಾ? ನಿನ್ನಿತನಕ ಗದ್ದಲಕ್ಕ ತಲಿ ಒಡೀತಿತ್ತು. ಇವತ್ತ ಖಬರಸ್ತಾನ ಆಗೇತಿ!"

"ಗದ್ದಲ ಬ್ಯಾಡ ಅಂದಾಕಿ ನೀನ ಅಲ್ಲೇನಮ್ಮಾ?" ಎಂದ ನಾಸಿರ ಒಳಗಿನಿಂದ ಓಡಿ ಬಂದು.

"ಅಂದಿದ್ದೆ. ಈಗ ಬ್ಯಾರೆ ಅನ್ನಾಕತ್ತೇನಿ."

ಪರಪ್ಪ ನಗುವ ಸ್ವಭಾವದವನು. ಮುದುಕಿಯ ಸಿಟ್ಟು ಇಳಿಸಲೆಂದು ತನ್ನ ಕಿವಿಯದನ್ನು ತೆಗೆದು ಅವಳ ಕಿವಿಗೆ ಇಟ್ಟ. ಒಳಗೆ ನಗಾರಿ ಬಡಿಯುತ್ತಿತ್ತು, ಯಾರೋ ಹ್ಹಾ ಎಂದು ಹಾರುತ್ತಿದ್ದರು, ಯಾರೋ ಪೆಟ್ಟು ತಿಂದು ನರಳುತ್ತಿದ್ದರು.

"ಎಷ್ಟ ಮಂದಿ ಅದಾರ?"

"ಇಬ್ಬರ್ರಿ. ಒಬ್ಬಾಂವ ಎಡಕ್ಕ, ಒಬ್ಬಾಂವ ಬಲಕ್ಕ."

"ಸುಳ್ಳ ಹೇಳಬ್ಯಾಡ. ಇಬ್ಬರೂ ಒಂದ ಕಡೆ ಅದಾರ. ಇಲ್ಲಿ, ನನ್ನ ಹಣಿ ನಡಬರಕ."

ಎಲ್ಲರೂ ನಕ್ಕರು. ನೂರಬಿ ನಗಲಿಲ್ಲ. ಇಬ್ಬರು ಹೊಡೆದಾಡುವವರು ಒಂದೇ ಜಾಗದಲ್ಲಿ ಹೇಗೆ ನಿಂತಾರು ಎಂಬುದು ಅವಳ ತಲೆಯೊಳಗೆ ಹೊಕ್ಕುಬಿಟ್ಟಿತು. ಮರುದಿನ ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ಅವಳು ಟಿವಿಯ ಮುಂದೆ ಕೂತು ಪೆಟ್ಟಿಗೆಯನ್ನೂ ವೈರುಗಳನ್ನೂ ತಡವುತ್ತಿದ್ದಳು. ಬೆರಳುಗಳು ಸುಮ್ಮನಿರಲೊಲ್ಲವು. ಪೆಟ್ಟಿಗೆಯಿಂದ ಹೊರಟ ವೈರು ಮೂರು ಬಾಲಗಳಾಗಿ ಒಡೆದಿತ್ತು. ಅವುಗಳಲ್ಲಿ ಎರಡು ಟಿವಿಯ ಬೆನ್ನಿಗೆ ಸಿಕ್ಕಿಕೊಂಡಿದ್ದವು, ಮೂರನೆಯದು ಸಡಿಲವಿತ್ತು.

"ಇದ್ಯಾಕ ಜೋತಾಡಾಕತ್ತೈತಿ?"

ನಾಸಿರ ಬಗ್ಗಿ ನೋಡಿದ. "ಅದ ಕೆಂಪದು, ಬಲಗಡೀ ಸೌಂಡಿಂದು. ಈ ಟಿವಿಗೆ ಸೌಂಡಿನ ತೂತು ಒಂದ ಐತಿ. ಅದಕ್ಕ ಬಿಟ್ಟೇನಿ."

"ಹಂಗಾದ್ರ ಬಲಗಡೀ ಮಂದಿ ಎಲ್ಲಿ ಹೋದ್ರು?"

ಕ್ಯಾಸೆಟ್ ಅಂಗಡಿಯವನಾಗಿ ಸ್ಟಿರಿಯೊ ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆಟದಲ್ಲಿ ಅದಕ್ಕೆ ಬೆಲೆಯುಂಟೆಂದು ಹೊಳೆದಿರಲಿಲ್ಲ. ನೋಡುವವರಿಗೆ ಬೇಕಾಗಿರಲಿಲ್ಲ, ಅಷ್ಟೇ. ಅಟ್ಟದಿಂದ ಅಂಗಡಿಯ ಹಳೆಯ ಟೇಪ್ ಡೆಕ್ ಇಳಿಸಿ ಧೂಳು ಊದಿದ. ಬಿಳಿಯ ಬಾಲವನ್ನೂ ಕೆಂಪು ಬಾಲವನ್ನೂ ಅದರ ಬೆನ್ನಿಗೆ ಚುಚ್ಚಿ, ಮುಂದಿನ ತೂತಿಗೆ ಇಯರ್‌ಫೋನು ಹಾಕಿ ತಾಯಿಯ ಕಿವಿಗಿಟ್ಟ.

ನೂರಬಿ ಮೊಣಕೈ ಎತ್ತಿ ಮುಖ ಅಡ್ಡ ಹಿಡಿದಳು. ಎಡಗಡೆಯಿಂದ ಒಬ್ಬ ನಡೆದು ಬಂದ. ಧಪ್, ಧಪ್, ಧಪ್. ತಲೆಯ ಒಳಗಿನಿಂದಲೇ ದಾಟಿ ಬಲಕ್ಕೆ ಹೋದ. ಅಲ್ಲಿ ಇನ್ನೊಬ್ಬ ಹಾರಿ ಬಿದ್ದ.

"ಬಂದಾ! ಬಲಗಡಿಂದ ಬಂದಾ ನಾಸಿರಾ!" ಎಂದು ಅವಳು ಮನೆಯೆಲ್ಲ ಕೇಳುವಂತೆ ಕೂಗಿಕೊಂಡಳು. ಎರಡು ವರ್ಷದಿಂದ ಅವಳ ಪಾಲಿಗೆ ಪಕ್ಕ ಎಂಬುದೇ ಇರಲಿಲ್ಲ.

ಅಂದಿನಿಂದ ಅವಳನ್ನು ಕೋಣೆಯಿಂದ ಹೊರಗಿಡಲಾಗಲಿಲ್ಲ. ಪರಪ್ಪ ಹೇಳಿಕೊಟ್ಟ: ಈ ಗುಂಡಿಗೆ ಗುದ್ದು, ಈ ಗುಂಡಿಗೆ ಒದೆತ, ಇದನ್ನು ಹಿಡಿದರೆ ತಡೆ. ಮೊದಲ ವಾರಗಳಲ್ಲಿ ಅವಳು ಗಾಳಿಗೆ ಗುದ್ದಿ ಪೆಟ್ಟು ತಿಂದಳು. ತನ್ನ ಮಲ್ಲ ಯಾವ ಕಡೆ ನಿಂತಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಆಮೇಲೆ ಸಪ್ಪಳಗಳನ್ನು ಬಿಡಿಸತೊಡಗಿದಳು. ದಪ್ಪನೆಯ ಮಲ್ಲ ಹಾರುವ ಮುಂಚೆ ಉಸಿರೆಳೆಯುತ್ತಾನೆ. ತೆಳ್ಳನೆಯ ಹೆಂಗಸು ಬರುವಾಗ ಹೆಜ್ಜೆ ಎರಡೆರಡಾಗಿ ಬೀಳುತ್ತವೆ. ಹತ್ತಿರ ಬಂದವನ ದನಿ ನಡುವಿಗೆ ಸರಿಯುತ್ತದೆ, ಹಿಂದೆ ಸರಿದವನದು ಅಂಚಿಗೆ ಹೋಗುತ್ತದೆ. ಸೋತರೆ ಗುಂಡಿಯ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿ, "ಇನ್ನೊಂದ್ ಸರ್ತಿ!" ಎನ್ನುತ್ತಿದ್ದಳು. ಪರಪ್ಪನನ್ನು ಮೊದಲ ಸಲ ಕೆಡವಿದಾಗ ಅವನೇ ಎದ್ದು ನಿಂತು ಓಣಿಯವರನ್ನೆಲ್ಲ ಕರೆದ.

ಆದರೆ ಆ ಇಯರ್‌ಫೋನುಗಳೊಂದಿಗೆ ಅವಳ ಜಗಳ ಮುಗಿಯಲಿಲ್ಲ. ಕಿವಿಯೊಳಗೆ ತುರುಕುವಂಥವು ತಲೆಯಾಡಿಸಿದರೆ ಕಳಚಿ ಬೀಳುತ್ತಿದ್ದವು. ಕಿವಿಯ ಮೇಲೆ ಒತ್ತಿ ಕೂರುವಂಥವು ಅವಳ ಬಾಲಿಗಳನ್ನು ಒತ್ತುತ್ತಿದ್ದವು. ಕಿವಿಯ ಅಂಚಿನುದ್ದಕ್ಕೂ ಸಾಲಾಗಿ ಚುಚ್ಚಿಸಿಕೊಂಡ ಬೆಳ್ಳಿಯ ಬಾಲಿಗಳನ್ನು ಅವಳು ಮದುವೆಯಾದಂದಿನಿಂದ ತೆಗೆದವಳಲ್ಲ, ಈಗಲೂ ತೆಗೆಯಲಾರೆ ಎಂದಳು. ಒಂದರ ಎಡಗಡೆ ಸತ್ತಿತ್ತು. ಇನ್ನೊಂದರ ವೈರು ಗಿಡ್ಡ, ಡೆಕ್ಕಿಗೆ ಮೂಗು ತಾಗಿಸಿ ಕೂರಬೇಕು. ದಿನಕ್ಕೊಂದು ತಕರಾರು. ನಾಸಿರನಿಗೆ ರೋಸಿಹೋಯಿತು.

"ನಡಿ ಬೆಳಗಾವಿಗೆ. ನೀನ ಆರಿಸು."

ಅವಳಿಗೆ ಬಸ್ಸು ಹತ್ತಲು ಇಷ್ಟು ನೆಪ ಸಾಕಿತ್ತು. ಹೋಗುವ ಮುಂಚೆ ನಾಸಿರ ಒಂದು ಜಾಣತನ ಮಾಡಿದ. ಡೆಕ್ಕಿನಲ್ಲಿ ಖಾಲಿ ಕ್ಯಾಸೆಟ್ ಹಾಕಿ ಒಂದು ಇಡೀ ಹೊಡೆದಾಟವನ್ನು ರೆಕಾರ್ಡ್ ಮಾಡಿಕೊಂಡ. ಬೆಳಗಾವಿಯ ಒಂದು ದೊಡ್ಡ ಅಂಗಡಿಯಲ್ಲಿ ಮಾರುವ ಹುಡುಗಿ ಹೆಡ್‍ಫೋನುಗಳನ್ನು ಒಂದೊಂದಾಗಿ ಸಿನಿಮಾ ಹಾಡಿಗೆ ಜೋಡಿಸಿ ಕೊಡಹೋದಾಗ, ನೂರಬಿ ತನ್ನ ಚೀಲದಿಂದ ಆ ಕ್ಯಾಸೆಟ್ ಹಾಕಿದ ವಾಕ್‍ಮನ್ ತೆಗೆದಳು.

"ಹಾಡ ಬ್ಯಾಡವ್ವಾ. ಇದನ್ನ ಹಚ್ಚು."

ಆಮೇಲೆ ಶುರುವಾಯಿತು. ಒಂದನ್ನು ಹಾಕಿದಳು, ಕಳಚಿದಳು. "ಇದ್ರಾಗ ನಗಾರಿ ಬಾಳ ಐತಿ, ಹೆಜ್ಜಿ ಮುಳುಗಿ ಹೋಗ್ತಾವ." ಇನ್ನೊಂದು. "ಇದು ತಗಡು ಬಡದಂಗ." ಮತ್ತೊಂದು. "ಇಬ್ಬರೂ ದೂರ ದೂರ ನಿಂತು ಜಗಳ ಮಾಡಾಕತ್ತಾರ, ನಡಕ ಯಾರೂ ಇಲ್ಲ." ಕೂತಳು, ಎದ್ದಳು, ಹೆಡ್‍ಫೋನು ಹಾಕಿಕೊಂಡೇ ಬಾಗಿಲಿನತ್ತ ಹೊರಟು ವೈರು ಜಗ್ಗಿದಾಗ ನಿಂತಳು. ಕಡೆಗೆ ಒಂದು ಭಾರವಾದದ್ದು ಕೈಗೆ ಬಂತು. ಬಟ್ಟಲಿನಷ್ಟು ದೊಡ್ಡ ಎರಡು ಕಪ್ಪು ಮುಚ್ಚಳಗಳು, ಒಳಗೆ ಮೆತ್ತೆ. ಕಿವಿ, ಬಾಲಿ, ಎಲ್ಲವನ್ನೂ ಒಳಗಿಟ್ಟುಕೊಂಡು ಸುತ್ತಲೂ ಮುಚ್ಚಿಕೊಂಡವು. ಹಾಕಿಕೊಂಡದ್ದೇ ರಸ್ತೆಯ ಹಾರ್ನು ನಿಂತಿತು, ಫ್ಯಾನು ನಿಂತಿತು, ಮಗನ ಮಾತು ನಿಂತಿತು. ನೂರಬಿ ಕದಲಲಿಲ್ಲ. ಕ್ಯಾಸೆಟ್ ಮುಗಿದರೂ ಹಾಗೇ ಕೂತಿದ್ದಳು. ನಾಸಿರ ಭುಜ ಮುಟ್ಟಿದಾಗ ಬೆಚ್ಚಿದಳು.

"ಇದನ್ನ ಹಾಕ್ಕೊಂಡ್ರ ಬಾಗಲಾ ಹಾಕ್ಕೊಂಡಂಗ ಆಗ್ತೈತಿ," ಎಂದಳು. "ಇದ ಇರಲಿ."

ಮುಂದಿನ ಕೆಲವು ತಿಂಗಳು ಆ ಮನೆಯಲ್ಲಿ ಯಾರೂ ನಂಬದ ಸಂಗತಿ ನಡೆಯಿತು. ನೂರಬಿ ಕೂತಳು. ಮಧ್ಯಾಹ್ನದ ನಮಾಜು ಮುಗಿಸಿ ಮೂಲೆಯ ಚಾಪೆ ಹಿಡಿದರೆ ಇಳಿಹೊತ್ತಿನ ಅಸರಿನ ನಮಾಜಿಗೆ ಕರೆಯುವ ಬಾಂಗಿನವರೆಗೂ ಕೂತೇ ಇರುತ್ತಿದ್ದಳು. ಆ ಬಾಂಗನ್ನೂ ಯಾರಾದರೂ ಮುಟ್ಟಿ ಹೇಳಬೇಕಾಗಿತ್ತು. ಗೋಡೆ ಸವರುವುದು ನಿಂತಿತು, ಕೂಗುವುದು ನಿಂತಿತು. ತಬಸ್ಸುಮ್‍ಗೆ ಮೊದಲಿಗೆ ಹೆಗಲಿನಿಂದ ಕೊಡ ಇಳಿಸಿದ ಹಾಗಾಯಿತು. ದಿನ ಕಳೆದಂತೆ ಮನೆ ಬಿಕೋ ಎನ್ನತೊಡಗಿತು. ಒಗ್ಗರಣೆ ಸಿಡಿಯಿತೆಂದರೂ ಕೇಳುವವರಿಲ್ಲ. ಒಂದೆರಡು ಸಲ ತಾನಾಗಿ ಅತ್ತೆಯ ಮುಂದೆ ಕೂತು ತವರಿನ ಸುದ್ದಿ ಹೇಳಹೋದಳು. ಕಪ್ಪು ಬಟ್ಟಲುಗಳ ನಡುವಿನ ಮುಖ ಬೇರೆಲ್ಲೋ ಇತ್ತು.

ಶ್ರಾವಣ ಮಾಸದ ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ ನಾಸಿರ ಸಾಮಾನು ತರಲು ಊರ ಹೊರಗೆ ಹೋಗಿದ್ದ. ಅಂಗಡಿಗೆ ರಜೆ. ತಬಸ್ಸುಮ್ ಹಿತ್ತಲಿನಲ್ಲಿ ನೆಲದೊಳಗಿನ ಟಾಕಿಯಿಂದ ನೀರು ಎತ್ತುತ್ತಿದ್ದಳು. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಬಿದ್ದ ರಭಸಕ್ಕೆ ಬಲಗಾಲು ಮೊಣಕಾಲಿನ ಕೆಳಗೆ ಮುರಿದು, ಅರ್ಧ ದೇಹ ಟಾಕಿಯ ಬಾಯಿಯೊಳಗೆ ಜೋತುಬಿತ್ತು. ಎರಡು ಕೈಯಿಂದ ಅಂಚಿನ ಕಲ್ಲು ಹಿಡಿದುಕೊಂಡು ಅವಳು ಅತ್ತೆಯನ್ನು ಕೂಗಿದಳು. ಮತ್ತೆ ಕೂಗಿದಳು. ಅಡಿಗೆಮನೆ ದಾಟಿದರೆ ಮುಂದಿನ ಕೋಣೆ. ಆ ಕೋಣೆಯಲ್ಲಿ ನೂರಬಿ ಎಡಗಡೆಯ ಮಲ್ಲನ ಉಸಿರಿಗೆ ಕಾಯುತ್ತಿದ್ದಳು.

ಕೇಳಿಸಿದ್ದು ಗೋಡೆಯಾಚೆಯ ಕರೆವ್ವನಿಗೆ. ಎಮ್ಮೆಗೆ ಮೇವು ಹಾಕುತ್ತಿದ್ದವಳು ಸೀರೆ ಎತ್ತಿಕಟ್ಟಿ ಗೋಡೆ ಹಾರಿದಳು. ತಬಸ್ಸುಮ್‍ಳನ್ನು ತೋಳಲ್ಲಿ ಎಳೆದು ಕಲ್ಲಿನ ಮೇಲೆ ಮಲಗಿಸಿದಳು. ಆಮೇಲೆ ನೆರವಿಗೆಂದು ಒಳಗೆ ಓಡಿ ಬಂದವಳಿಗೆ ಕಂಡದ್ದು, ಚಾಪೆಯ ಮೇಲೆ ಆರಾಮವಾಗಿ ಕೂತು ಗುಂಡಿ ಒತ್ತುತ್ತಿದ್ದ ನೂರಬಿ. ಕರೆವ್ವ ಹೆಡ್‍ಫೋನನ್ನು ಕಿತ್ತು ಎಸೆದಳು.

"ಕಿವ್ಯಾಗ ಏನ್ ಬಡಕೊಂಡ್ ಕುಂತೀ ನೂರಬಿ? ನಿನ್ನ ಸೊಸಿ ಅಲ್ಲಿ ಸಾಯಾಕತ್ತಿದ್ಲು!"

ನೂರಬಿ ಎದ್ದು ಓಡಿದಳು. ಗೋಡೆ ಸವರಲಿಲ್ಲ, ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡಳು, ನರಳಿಕೆ ಬಂದ ಕಡೆಗೆ ಕೈ ಚಾಚಿ ಮಳೆಯಲ್ಲಿ ಮಂಡಿಯೂರಿದಳು. ತಬಸ್ಸುಮ್‍ಳ ಕೈ ಸಿಕ್ಕಿತು. ಕಲ್ಲು ಹಿಡಿದು ಹಿಡಿದು ಅಂಗೈ ಸುಲಿದಿತ್ತು.

"ಎಷ್ಟ ಹೊತ್ತಾತು ನೀ ಒದರಾಕತ್ತು?"

ತಬಸ್ಸುಮ್ ಅತ್ತೆಯ ತೋಳಿಗೆ ಮುಖ ಒತ್ತಿ ಅತ್ತಳು.

ಕಾಲಿಗೆ ಪ್ಲಾಸ್ಟರ್ ಬಿತ್ತು. ಹೆಡ್‍ಫೋನು ಟ್ರಂಕಿನ ತಳ ಸೇರಿತು. ನೂರಬಿ ಆಟದ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಪರಪ್ಪ ಕರೆದರೂ ಬರಲಿಲ್ಲ. ಮತ್ತೆ ನಡಿಗೆ ಶುರುವಾಯಿತು, ಮುಂಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಮುಂಬಾಗಿಲಿಗೆ. ಆದರೆ ಈಗ ಕೈ ಬರಿದಿರಲಿಲ್ಲ. ಸೊಸೆ ಎದ್ದೇಳುವಂತಿಲ್ಲ, ಮನೆಯ ಕೆಲಸ ಬಿದ್ದಿದೆ. ಹಿಟ್ಟು ನಾದಿದಳು, ಪಾತ್ರೆ ತಿಕ್ಕಿದಳು, ಟಾಕಿಯ ಸುತ್ತಲಿನ ಪಾಚಿಯನ್ನು ಇಟ್ಟಿಗೆಯ ಚೂರಿನಿಂದ ಉಜ್ಜಿ ಉಜ್ಜಿ ತೆಗೆದಳು. ತೆಗೆದ ಮೇಲೂ ದಿನಾ ಬೆಳಿಗ್ಗೆ ಹೋಗಿ ಉಜ್ಜಿದಳು. ತಬಸ್ಸುಮ್ ಮಂಚದ ಮೇಲಿಂದ ಹೇಳುತ್ತಿದ್ದಳು, "ಇನ್ನೂ ಬಲಕ್ಕ, ಉಪ್ಪು ಅಲ್ಲೈತಿ… ಹಾಂ, ಅದ." ನಿದ್ದೆಯಲ್ಲಿ ಸೊಸೆ ಮಗ್ಗುಲು ಬದಲಿಸಿದರೂ ನೂರಬಿ ಎದ್ದು ಕೂರುತ್ತಿದ್ದಳು. "ಕರದಿ ಏನ?"

"ಇಲ್ರಿ ಅಮ್ಮಾ. ಮಲ್ಕೋರಿ."

ಹೀಗೆ ವಾರಗಳು ಹೋದವು. ಕಾಯುತ್ತ ಕಾಯುತ್ತ ಮುದುಕಿ ಬತ್ತಿಹೋಗುವುದನ್ನು ತಬಸ್ಸುಮ್ ಮಂಚದಿಂದಲೇ ನೋಡಿದಳು. ಅವಳಿಗೆ ಬೇರೆ ಮಾಡಲು ಕೆಲಸವೂ ಇರಲಿಲ್ಲ. ಹೊತ್ತು ಹೋಗದೆ ನಾಸಿರನಿಂದ ಒಂದು ಪೆಟ್ಟಿಗೆಯನ್ನು ಒಳಗಿನ ಟಿವಿಗೆ ಹಾಕಿಸಿಕೊಂಡು ತಾನೇ ಆಟ ಕಲಿಯತೊಡಗಿದ್ದಳು. ಒಂದು ದಿನ ಆಡುತ್ತ ಆಡುತ್ತ ಕೇಳಿಯೇಬಿಟ್ಟಳು.

"ನೀವ್ಯಾಕ ಆಡವಲ್ರಿ? ನನ್ನ ಕಾಲ ಮುರದದ್ದು ಪಾಚಿಗೆ, ನಿಮ್ಮ ಹೆಡ್‍ಫೋನಿಗಲ್ಲ."

"ಜಾರಿದ್ದು ಪಾಚಿಗೆ," ಎಂದಳು ನೂರಬಿ. "ಬಿದ್ದಲ್ಲೇ ಒದರಿಕೋತ ಉಳದಿಯಲ್ಲ, ಅದು ಯಾವುದಕ್ಕ?"

ತಬಸ್ಸುಮ್ ಆಟ ನಿಲ್ಲಿಸಿದಳು. ಅದೇ ಮೊದಲ ಸಲ ಅವಳು ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದು. "ನಾ ಒದರಾಕತ್ತಾಗ ನನಗ ಒಂದ ಅನಸ್ತು. ಮೊದಲ ನೀವು ನನ್ನ ಸಾವಿರ ಸರ್ತಿ ಕೂಗ್ತಿದ್ರಿ. ನಾ ಕೇಳಿಸಿದ್ರೂ ಕೇಳಿಸಲಾರದಂಗ ಇರ್ತಿದ್ದೆ. ನನಗ್ಯಾವ ಹೆಡ್‍ಫೋನೂ ಇರಲಿಲ್ರಿ."

ನೂರಬಿ ಕೈಯಲ್ಲಿದ್ದ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು. ಸುಲಿದು ಮುಗಿದ ಮೇಲೆ ಸಿಪ್ಪೆಯನ್ನು ಮತ್ತೆ ಮತ್ತೆ ತಡವಿದಳು.

ಪ್ಲಾಸ್ಟರ್ ತೆಗೆಸಿದ ಮೇಲೆ ಇಬ್ಬರೂ ಬೈಲಹೊಂಗಲಕ್ಕೆ ಹೋದರು. ತಬಸ್ಸುಮ್‍ಳ ತವರು ಅಲ್ಲಿ. ಬಸ್ಸಿನಲ್ಲಿ ನೂರಬಿಗೆ ಕೂರಲಾಗಲಿಲ್ಲ. ಸೊಸೆಯ ಕಾಲಿಗೆ ಯಾರಾದರೂ ತಾಗಿಸಿಯಾರೆಂದು ಅಡ್ಡ ನಿಂತೇ ಬಂದಳು. ಪೇಟೆಯಲ್ಲಿ ನಿಜಗುಣಪ್ಪ ಎಂಬವರ ರೇಡಿಯೊ-ಟೇಪಿನ ಅಂಗಡಿಯಿತ್ತು. ಅದರ ಮುಂದೆ ತಬಸ್ಸುಮ್ ನಿಂತುಬಿಟ್ಟಳು.

"ನಡೀರಿ ಅಮ್ಮಾ, ಒಳಗ."

"ಯಾಕ? ಬ್ಯಾಡ. ನನಗೇನೂ ಬ್ಯಾಡ."

"ನಿಮಗಲ್ಲ. ನನಗ. ನೀವು ದಿನಾ ನನ್ನ ಕಾವಲ ಕಾಯೂದು ನನಗ ಸಾಕಾಗೇತಿ."

ವಾಕ್‍ಮನ್ ಮತ್ತು ಹೊಡೆದಾಟದ ಆ ಕ್ಯಾಸೆಟ್ಟು ತಬಸ್ಸುಮ್ ತಂದಿದ್ದ ಚೀಲದಲ್ಲೇ ಇದ್ದವು. ನೂರಬಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಸೊಸೆ ತಾನೇ ಒಂದೊಂದನ್ನು ಅವಳ ತಲೆಗೆ ಹಾಕಿದಳು. ಪ್ರತಿ ಸಲವೂ ಕುಂಟುತ್ತ ಅಂಗಡಿಯ ಹೊರಗೆ ಹೋಗಿ, ರಸ್ತೆಯಂಚಿಗೆ ಬೆನ್ನು ಮಾಡಿ ನಿಂತು, ಮೆಲ್ಲಗೆ "ಅಮ್ಮಾ" ಎಂದು ಕರೆದಳು. ಅಂಗಡಿಯೊಳಗಿದ್ದ ಗಿರಾಕಿಗಳು ಮುಖ ಮುಖ ನೋಡಿಕೊಂಡರು.

"ಏನ್ ನಡಸೀರಿ ಬಾಯಾರ?" ಎಂದರು ನಿಜಗುಣಪ್ಪ. "ಹೊರಗಿನ ಸಪ್ಪಳ ಕೇಳಬಾರದಂತ ಮಂದಿ ಹೆಡ್‍ಫೋನ್ ಒಯ್ತಾರ."

"ನಮಗ ಕೇಳೂವಂಥದ್ದು ಬೇಕ್ರಿ," ಎಂದಳು ತಬಸ್ಸುಮ್ ಬಾಗಿಲಿನಿಂದ.

ಮುಚ್ಚಳದಂಥವು ಒಂದೊಂದಾಗಿ ಬದಿಗೆ ಹೋದವು. ಒಂದರಲ್ಲಿ ಕರೆದದ್ದು ಕೇಳಿತು, ಆದರೆ ಎಡ ಬಲ ಕಲಸಿಕೊಂಡಿತು. ಇನ್ನೊಂದು ಬಾಲಿಗೆ ಒತ್ತಿತು. ನೂರಬಿ ಎದ್ದು ನಿಂತು, "ಸಾಕ್ ನಡಿ, ಬಸ್ ತಪ್ಪತೈತಿ," ಎನ್ನತೊಡಗಿದಳು. ಆಗ ನಿಜಗುಣಪ್ಪ ಗಾಜಿನ ಕಪಾಟಿನ ಕೆಳಗಿನಿಂದ ತೆಳ್ಳನೆಯ ತಂತಿಯ ಒಂದನ್ನು ತೆಗೆದರು. ಎರಡು ತುದಿಗೆ ಕಿತ್ತಳೆ ಬಣ್ಣದ ಸ್ಪಂಜಿನ ಬಿಲ್ಲೆಗಳು. ಹಳೇ ಮಾಲು, ಯಾರೂ ಕೇಳುವುದಿಲ್ಲ, ಸಪ್ಪಳ ಹೊರಗೂ ಸೋರುತ್ತದೆ, ಹೊರಗಿನದು ಒಳಗೂ ಬರುತ್ತದೆ ಎಂದು ತಾವೇ ಹೇಳಿದರು.

ಸ್ಪಂಜು ಬಾಲಿಗಳ ಮೇಲೆ ಹತ್ತಿಯ ಹಾಗೆ ಕೂತಿತು. ನೂರಬಿ ತಲೆ ವಾರೆ ಮಾಡಿದಳು. ನಗಾರಿಯ ಗುಡುಗು ಹೋಗಿತ್ತು, ಮಲ್ಲರು ಬಡವಾಗಿದ್ದರು. ಆದರೆ ಹೆಜ್ಜೆಗಳಿದ್ದವು. ಎಡದಿಂದ ಒಂದು, ಬಲದಿಂದ ಒಂದು. ಅವುಗಳ ಹಿಂದೆ ಟಾಂಗಾದ ಕುದುರೆ ಕೆನೆಯಿತು, ಯಾರೋ ಬಾಳೆಹಣ್ಣು ಕೂಗಿದರು.

"ಅಮ್ಮಾ."

"ಬಲಗಡೆ ನಿಂತೀ," ಎಂದಳು ನೂರಬಿ. "ಬಾಗಲದ ಮೆಟ್ಟಲಾ ಇಳದು. ರೋಡಿಗೆ ಯಾಕ ಅಷ್ಟ ಹತ್ತಿರ ನಿಂತೀ? ಒಳಗ ಬಾ."

ತಬಸ್ಸುಮ್ ಒಳಗೆ ಬಂದಳು. ಅತ್ತೆಯ ಹತ್ತಿರ ಬಗ್ಗಿದಾಗ ಸ್ಪಂಜಿನ ಸಂದಿಯಿಂದ ಇರುವೆಗಳು ಜಗಳವಾಡುವಂಥ ಸಣ್ಣ ಸದ್ದು ಅವಳಿಗೂ ಕೇಳುತ್ತಿತ್ತು.

ಆ ಹೆಡ್‍ಫೋನಿನ ಸ್ಪಂಜು ಮುಂದೆ ಎಷ್ಟೋ ಸಲ ಹರಿದು ಬದಲಾಯಿತು. ನಾಸಿರನ ಅಂಗಡಿ ಇನ್ನು ಮೂರು ವರ್ಷ ನಡೆಯಿತು. ಊರಲ್ಲಿ ಕಂಪ್ಯೂಟರಿನ ಸೈಬರ್ ಅಂಗಡಿಗಳಾದ ಮೇಲೆ ಗಿರಾಕಿಗಳು ಅತ್ತ ಹೋದರು. ಅವನು ಒಂದು ಪ್ಲೇಸ್ಟೇಷನ್ ಮಾರಿದ, ಇನ್ನೊಂದನ್ನು ಮಾರಲು ಹೆಂಗಸರಿಬ್ಬರೂ ಬಿಡಲಿಲ್ಲ. ಮುಂದಿನ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ. ನೂರಬಿಗೆ ಕೂರುವುದು ಮೊದಲಿನಷ್ಟು ಬರಲಿಲ್ಲ. ಒಂದು ಆಟಕ್ಕೆ ನಾಲ್ಕು ಸಲ ಎದ್ದು, ಒಲೆಯ ಮೇಲೆ ಏನು ಸೀಯುತ್ತಿದೆ, ಯಾರು ಬಾಗಿಲು ಬಡಿದರು ಎಂದು ನೋಡಿಬರುತ್ತಿದ್ದಳು. ಹಿತ್ತಲಿನಲ್ಲಿ ಕೊಡದ ಸಪ್ಪಳ ನಿಂತರೆ ಗುಂಡಿ ಬಿಟ್ಟು, "ತಬಸ್ಸುಮ್?" ಎನ್ನುತ್ತಿದ್ದಳು. "ಇದ್ದೇನ್ರಿ," ಎಂಬ ಮಾತು ಬಂದ ಮೇಲೆಯೇ ಮತ್ತೆ ಆಟ. ಅಷ್ಟರಲ್ಲಿ ಅವಳ ಮಲ್ಲ ನೆಲಕ್ಕೆ ಬಿದ್ದಿರುತ್ತಿದ್ದ.

ಹೆಚ್ಚಾಗಿ ಸೊಸೆಯ ಎದುರೇ ಆಡುತ್ತಿದ್ದಳು, ಹೆಚ್ಚಾಗಿ ಸೋಲುತ್ತಿದ್ದಳು. ಒಂದು ಮಧ್ಯಾಹ್ನ ಸಾಲಾಗಿ ಮೂರು ಸಲ ಸೋತು ಗುಂಡಿಯ ಪೆಟ್ಟಿಗೆ ಕುಕ್ಕಿದಳು.

"ನೀ ಮೋಸ ಮಾಡ್ತಿ."

"ನಾ ಏನ್ ಮೋಸ ಮಾಡೀನ್ರಿ?"

"ನೋಡಿಕೋತ ಆಡ್ತಿ. ಕಣ್ಣ ಮುಚ್ಚು."

ತಬಸ್ಸುಮ್ ನಕ್ಕು ಕಣ್ಣು ಮುಚ್ಚಿದಳು. ನೂರಬಿ ಕೈ ಚಾಚಿ ಅವಳ ರೆಪ್ಪೆ ಮುಟ್ಟಿ ನಿಜವೇ ಎಂದು ನೋಡಿದಳು. ಆಟ ಶುರುವಾಯಿತು. ಇಬ್ಬರು ಮಲ್ಲರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಗಾಳಿಗೆ ಗುದ್ದಿದರು. "ಎಲ್ಲಿದೀರಿ ಅಮ್ಮಾ?" ಎಂದು ಕೂಗಿದಳು ತಬಸ್ಸುಮ್, ಗಾಬರಿಯಲ್ಲಿ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತುತ್ತ.

"ಬಂದ್ನಿ, ತಡಿ," ಎಂದಳು ನೂರಬಿ ಚಾಪೆಯ ತುದಿಗೆ ಸರಿದು. "ಎಡಗಡಿಂದ ಬರಾಕತ್ತೇನಿ."